ಹುಸೇನಮ್ಮನ ಹೆಸರಿನ ಊರು

ರಾಯಚೂರು, ಮಾನ್ವಿ, ದೇವದುರ್ಗ, ಮೂರೂ ತಾಲೂಕು ಜರಡಿ ಹಿಡಿದು ಸೋಸಿದರೂ ಹುಸೇನಮ್ಮನಷ್ಟು ಆಸ್ತಿವಂತಳಾದ ಹೆಂಗಸು ಇನ್ನೊಬ್ಬಳು ಸಿಗುವುದಿಲ್ಲ. ಊರ ಬಾಗಿಲಿನ ಅಗಸಿ, ಹನುಮಪ್ಪನ ಗುಡಿ, ಕಟ್ಟೆ ಸಮೇತ ಬೇವಿನ ಮರ, ಸಿಹಿನೀರಿನ ಬಾವಿ, ಕಲ್ಲು ಹಾಸಿದ ಓಣಿ, ಓಣಿಯ ಎರಡೂ ಕಡೆ ಮಾಳಿಗೆ ಮನೆಗಳು, ಎಲ್ಲ ಅವಳ ಹೆಸರಿನಲ್ಲಿತ್ತು. ಹುಬ್ಬು ಏರಿಸಬೇಡಿ, ಗೊತ್ತು. ಇದರಲ್ಲಿ ಅರ್ಧ ಸುಳ್ಳು. ಹೆಸರಿನಲ್ಲಿತ್ತು ಅನ್ನುವುದು ದೇವರಾಣೆ ನಿಜ. ಇತ್ತು ಅನ್ನುವುದು ಸುಳ್ಳು. ಆ ಬಾವಿಯ ಒಂದು ಹನಿ ನೀರನ್ನು ನಾಲಿಗೆಗೆ ಹಚ್ಚಲು ಬರುತ್ತಿರಲಿಲ್ಲ, ಆ ಓಣಿಯ ಮಣ್ಣು ಅಂಗಾಲಿಗೆ ಅಂಟುತ್ತಿರಲಿಲ್ಲ. ಇಡೀ ಊರು ಒಂದು ಅಂಗೈಯಷ್ಟು ಅಗಲದ ಫೋನಿನ ಗಾಜಿನೊಳಗೆ ಇತ್ತು.

“ಲೇ ಮುದುಕಿ, ಗುಡಿ ಮುಂದ ತಿಪ್ಪಿ ಯಾಕ ಹಾಕೀದಿ? ನಿಮ್ಮಪ್ಪ ಹೇತಿಟ್ಟಿದ್ನೇನು ಅಲ್ಲಿ?”

ಮಿಲ್ಲಿನ ಸಾವಕಾರ ಬಸವಪ್ರಸಾದ ಅವಳ ಬೆನ್ನ ಹಿಂದೆ ನಿಂತು ಹೀಗೆ ಬೈಯುತ್ತಿದ್ದಾಗ ಹುಸೇನಮ್ಮ ಒಂದು ಎಮ್ಮೆಯನ್ನು ಬೆರಳ ತುದಿಯಲ್ಲಿ ಎತ್ತಿ ಕಟ್ಟೆಯ ನೆರಳಿಗೆ ತರುತ್ತಿದ್ದಳು. ಎಮ್ಮೆ ಇದ್ದ ಮೇಲೆ ಸಗಣಿ ಇರಬೇಕಲ್ಲ ಎಂದು ಅವಳು ಸಮಾಧಾನವಾಗಿ ಕೇಳಿದಳು. ಡಾಲರ್ ಕೊಡುವವರು ಸಗಣಿಗೆ ಕೊಡುವುದಿಲ್ಲ ಎಂದು ಅವನು ಅವಳ ಕೈಯ ಮೇಲೆ ಪೆನ್ನಿನಿಂದ ಹೊಡೆದ. ತಿಪ್ಪೆ ಮಾಯವಾಯಿತು. ಸಗಣಿ ಹಾಕದ ಎಮ್ಮೆ ಕಟ್ಟೆಯ ಕೆಳಗೆ ನಿಂತು ಬಾಲ ಬೀಸತೊಡಗಿತು.

ಬಸವಪ್ರಸಾದನ ಅಕ್ಕಿ ಮಿಲ್ಲು ರಾಯಚೂರಿನ ಹೊರಗೆ, ಮಾನ್ವಿ ರಸ್ತೆಯಲ್ಲಿ. ಮಿಲ್ಲಿನ ಮೇಲಿನ ಕೋಣೆಯಲ್ಲಿ ಗಂಡ ಸತ್ತ ಹೆಂಗಸರು ಸಾಲಾಗಿ ಚಾಪೆಯ ಮೇಲೆ ಕುಳಿತು ಊರು ಕಟ್ಟುತ್ತಿದ್ದರು. ಮೊದಲು ಇವರೆಲ್ಲ ಕೆಳಗೆ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದವರು. ಕಲ್ಲು, ಕರಿ ಅಕ್ಕಿ ಎಲ್ಲವನ್ನೂ ತಾನೇ ಊದಿ ಬಿಸಾಡುವ ಮಷಿನ್ನು ಬಂದ ದಿನ ಇವರ ಮೊರಗಳು ಮೂಲೆಗೆ ಬಿದ್ದವು. ಇನ್ನು ಭಿಕ್ಷೆಗೆ ದೇವಸುಗೂರಿನ ಗುಡಿಯ ಮೆಟ್ಟಿಲೇ ಗತಿ ಅಂದುಕೊಂಡಿದ್ದಾಗ ಸಾವಕಾರನೇ ಕರೆಸಿ ಫೋನು ಕೈಗೆ ಕೊಟ್ಟ. ಗಾಜಿನೊಳಗೆ ಬೇರೊಂದು ದುನಿಯಾ ಇದೆ, ಅಲ್ಲಿ ಹಾಳುಜಾಗ ಅಗ್ಗಕ್ಕೆ ಸಿಗುತ್ತದೆ, ಅದರ ಮೇಲೆ ಮನೆ ಮಠ ಕಟ್ಟಿದರೆ ದೂರದೇಶದವರು ನಿಜವಾದ ದುಡ್ಡು ಕೊಟ್ಟು ಕೊಳ್ಳುತ್ತಾರೆ ಎಂದ. ಹೀಗೆ ಒಂದು ಮದುವೆ ಛತ್ರ, ಒಂದು ಕೋಟೆ ಮಾರಿ ಅವನು ಆಗಲೇ ಹೊಸ ಕಾರು ತಂದಿದ್ದ. ಈಗ ಒಂದು ಇಡೀ ಊರು ಕಟ್ಟಿ ಮಾರಬೇಕಿತ್ತು, ನಮ್ಮ ಕಡೆಯ ಊರು, ಗುಡಿ ಕಟ್ಟೆ ಎಲ್ಲ ಸೇರಿ.

ಆದರೆ ಆ ದುನಿಯಾ ನಡೆಸುವ ಕಂಪನಿಗೆ ಒಂದು ಕಾನೂನಿತ್ತು. ಒಬ್ಬರ ಹೆಸರಿನಲ್ಲಿ ಒಂದು ಓಣಿಗಿಂತ ಹೆಚ್ಚು ಜಾಗ ಇರಬಾರದು. ಅದಕ್ಕೇ ಈ ಹೆಂಗಸರ ಆಧಾರ ಕಾರ್ಡು, ಮುಖದ ಫೋಟೊ ಎಲ್ಲ ಕಂಪನಿಗೆ ಹೋಯಿತು. ಒಬ್ಬೊಬ್ಬಳ ಹೆಸರಿಗೆ ಒಂದೊಂದು ಓಣಿ ಬಂತು, ಹುಸೇನಮ್ಮನ ಪಾಲಿಗೆ ಅಗಸಿ ಮತ್ತು ಗುಡಿಯ ಓಣಿ. ಗಂಡ ಇದ್ದವಳಾದರೆ ಗಂಡ ಬಂದು ತಕರಾರು ತೆಗೆಯುತ್ತಾನೆ ಎಂದು ಸಾವಕಾರ ವಿಧವೆಯರನ್ನೇ ಹುಡುಕಿದ್ದ. ಮುನವ್ವರ್ ಬೀ ಇದನ್ನು ಕೇಳಿ, ತನ್ನ ಗಂಡ ಸತ್ತದ್ದು ಒಂದು ಕೆಲಸಕ್ಕಾದರೂ ಬಂತು ಎಂದು ಕೋಣೆಯನ್ನೆಲ್ಲ ನಗಿಸಿದಳು. ಅವಳು ನಕ್ಕರೆ ಮಿಲ್ಲಿನ ಬೆಲ್ಟು ಕಳಚುತ್ತಿತ್ತು ಅನ್ನುತ್ತಾರೆ. ಗಾಜಿನೊಳಗಿನ ದುನಿಯಾಕ್ಕೆ ಅವಳು ಇಟ್ಟ ಹೆಸರು ಆಖಿರತ್. ಸತ್ತ ಮೇಲೆ ಹೋಗುವ ಜಾಗಕ್ಕೆ ಸಾವಕಾರ ಈಗಲೇ ಬಸ್ಸು ಬಿಟ್ಟಿದ್ದಾನೆ ಅನ್ನುತ್ತಿದ್ದಳು.

ಕೂಲಿ ಮೊದಲಿಗಿಂತ ಕಡಿಮೆ. ಅದಕ್ಕೆ ಯಾರೂ ಸೊಲ್ಲೆತ್ತಲಿಲ್ಲ, ಯಾಕೆಂದರೆ ಮೊದಲ ದಿನವೇ ಬಸವಪ್ರಸಾದ ಗಣಪತಿ ಫೋಟೊದ ಮುಂದೆ ನಿಂತು ಒಂದು ಮಾತು ಕೊಟ್ಟಿದ್ದ.

“ಊರು ಮಾರಿದ ದಿನ ನಿಮಗ ಒಬ್ಬೊಬ್ಬರಿಗೂ ಒಂದೊಂದು ಪ್ಲಾಟ್. ನಿಮ್ಮ ಹೆಸರೀಲೇ. ಸುಳ್ಳಾದ್ರ ನಾ ನಮ್ಮಪ್ಪಗ ಹುಟ್ಟಿದವನ ಅಲ್ಲ.”

ಪ್ಲಾಟ್. ಹುಸೇನಮ್ಮನಿಗೆ ಶಾಲೆಯ ಅಕ್ಷರ ಒಂದೂ ಬಾರದು, ಆದರೆ ಈ ಒಂದು ಮಾತಿನ ಅರ್ಥ ಚೆನ್ನಾಗಿ ಗೊತ್ತಿತ್ತು. ಕಲ್ಮಲದ ಕಡೆಯ ರಸ್ತೆಯಲ್ಲಿ ಸಾವಕಾರ ಹೊಲ ಒಡೆಸಿ ಲೇಔಟು ಮಾಡಿಸಿದ್ದ, ಹಳದಿ ಬಣ್ಣದ ಕಲ್ಲು ನೆಡಿಸಿದ್ದ. ರಜೆ ಸಿಕ್ಕ ಅಮಾವಾಸ್ಯೆಗೊಮ್ಮೆ ಅವಳೂ ಮುನವ್ವರ್ ಬೀಯೂ ಅಲ್ಲಿಗೆ ಹೋಗಿ ಕಲ್ಲುಗಳ ನಡುವೆ ಕಾಲು ಚಾಚಿ ಕೂರುತ್ತಿದ್ದರು. ಇದು ನನ್ನದು, ಅದು ನಿನ್ನದು. ಬಾಗಿಲು ಎತ್ತ ಮುಖ ಮಾಡಬೇಕು ಎನ್ನುವುದಕ್ಕೆ ಇಬ್ಬರೂ ಜಡೆ ಹಿಡಿಯುವಷ್ಟು ಜಗಳವಾಡುತ್ತಿದ್ದರು. ಮೂರು ಕಲ್ಲಿಟ್ಟು ಚಹಾ ಕಾಯಿಸಿ ಕುಡಿದು ಬರುತ್ತಿದ್ದರು. ಒಮ್ಮೆ ಸಾವಕಾರನ ಕಾರು ಅದೇ ದಾರಿಯಲ್ಲಿ ಹೋಯಿತು. ಅವನು ಗಾಜು ಇಳಿಸಿ, ಇವರನ್ನು ನೋಡಿ, ಹಾರ್ನು ಹೊಡೆದು ನಕ್ಕ. ಇಬ್ಬರೂ ಎದ್ದು ನಿಂತು ಕೈ ಮುಗಿದರು.

ಹುಸೇನಮ್ಮನಿಗೆ ಬೇಕಾಗಿದ್ದದ್ದು ಮಹಲಲ್ಲ. ಮಿಲ್ಲಿನ ಹಿಂದಿನ ಗೋಡೆಗೆ ಒರಗಿಸಿದ ತಗಡಿನ ಕೆಳಗೆ ಅವಳ ಸಂಸಾರ, ಬಾಗಿಲಿನ ಜಾಗದಲ್ಲಿ ಗೋಣಿಚೀಲ. ನಾಯಿ ಬರುತ್ತಿತ್ತು, ಕುಡಿದ ಹಮಾಲರು ಬರುತ್ತಿದ್ದರು, ಹೊಟ್ಟು ಬರುತ್ತಿತ್ತು. ಒಳಗಿನಿಂದ ಹಾಕಿಕೊಳ್ಳುವ ಒಂದು ಚಿಲಕ, ಅದರ ಹಿಂದೆ ನಿಶ್ಚಿಂತೆಯಿಂದ ಕಾಲು ಚಾಚಿ ಮಲಗುವುದು, ಅಷ್ಟೇ. ಜೀವಮಾನದಲ್ಲಿ ಅವಳು ಚಿಲಕವಿದ್ದ ಮನೆಯಲ್ಲಿ ಮಲಗಿರಲಿಲ್ಲ.

ಗಾಜಿನ ಊರಿನಲ್ಲಿಯೂ ಅವಳು ತನಗೊಂದು ಮನೆ ಇಟ್ಟುಕೊಂಡಿದ್ದಳು. ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಸ್ವಪ್ನಾ ಮೇಡಂ, ಊರು ಬರಿದಾಗಿ ಕಾಣಬಾರದು, ಒಬ್ಬೊಬ್ಬರು ಒಂದೊಂದು ಸಣ್ಣ ಮನೆ ನಿಮ್ಮದು ಅಂತ ಹಾಕಿಕೊಳ್ಳಿ ಎಂದಿದ್ದಳು. ಹುಸೇನಮ್ಮ ತನ್ನದನ್ನು ಹನುಮಪ್ಪನ ಗುಡಿಯ ಗೋಡೆಗೆ ಅಂಟಿಸಿ ಇಟ್ಟಳು. ದೇವದುರ್ಗದ ಕಡೆ ಅವಳು ಹುಟ್ಟಿದ ಊರಿನಲ್ಲಿ ಅಂಥದೇ ಗುಡಿಯ ಗೋಡೆಯನ್ನು ಹಳ್ಳದ ದಂಡೆಯಿಂದ ನೋಡಿ ಗೊತ್ತಿತ್ತೇ ಹೊರತು ಮುಟ್ಟಿ ಗೊತ್ತಿರಲಿಲ್ಲ.

ಊರು ಮುಗಿಯಿತು. ಕೊಳ್ಳುವವನೂ ಸಿಕ್ಕ. ಮಾನ್ವಿ ಕಡೆಯವನೇ, ದುಬೈಯಲ್ಲಿ ದೊಡ್ಡ ಕಂಪನಿ ಇಟ್ಟಿದ್ದ ಒಬ್ಬ ಗೌಡ. ಬೇರೆ ಬೇರೆ ದೇಶಕ್ಕೆ ಹೋದ ತನ್ನ ಬೀಗರು ಬಿಜ್ಜರನ್ನೆಲ್ಲ ಆ ಊರಿಗೆ ಕರೆತಂದು ಕೂಡಿಸುತ್ತೇನೆ ಎಂದ. ಕೊಳ್ಳುವ ಮುಂಚೆ ಭೂಮಿಪೂಜೆ ಆಗಬೇಕೆಂದ. ಮಾನ್ವಿಯಿಂದ ಜಗನ್ನಾಥಾಚಾರ್ಯರು ಕಾರಿನಲ್ಲಿ ಬಂದಿಳಿದರು. ಮೇಲಿನ ಕೋಣೆಯ ಗೋಡೆಗೆ ದೊಡ್ಡ ಟೀವಿ ಹಾಕಿ ಅದರ ತುಂಬ ಊರು ತೋರಿಸಿದರು, ದುಬೈ ಗೌಡನೂ ಅಲ್ಲಿಂದಲೇ ನೋಡುತ್ತಿದ್ದ. ಆಚಾರ್ಯರು ಟೀವಿಗೆ ಕುಂಕುಮ ಹಚ್ಚಿ, ಸುತ್ತ ನೋಡಿ, ಸಾವಕಾರನ ಕಿವಿಯಲ್ಲಿ ಹೇಳುವಂತೆ ಹೇಳಿದರೂ ಎಲ್ಲರಿಗೂ ಕೇಳಿಸಿತು.

“ಈ ಹೆಣ್ಮಕ್ಕಳನ್ನ ಸ್ವಲ್ಪ ಮರೀಗೆ ಕಳಸ್ರಿ. ಶುಭಕಾರ್ಯ ಅದ. ಬೋಳುಹಣಿ ಎದುರಿಗೆ ಬರೂದು ಬ್ಯಾಡ.”

ಊರು ಕಟ್ಟಿದವರೆಲ್ಲ ಎದ್ದು ಮೆಟ್ಟಿಲಿಗೆ ಹೋಗಿ ಚಪ್ಪಲಿಗಳ ನಡುವೆ ಕುಳಿತರು. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಆಚಾರ್ಯರು ಸಂಕಲ್ಪಕ್ಕೆ ಭೂಮಿಯ ಯಜಮಾನರ ಹೆಸರು ಕೇಳಿದರು. ಬಸವಪ್ರಸಾದ ತನ್ನ ಹೆಸರು, ತಂದೆಯ ಹೆಸರು ಹೇಳಿದ. ಆಗ ಟೀವಿಯೊಳಗಿಂದ ದುಬೈ ಗೌಡನ ದನಿ ಬಂತು. ಗುಡಿಯ ನೆತ್ತಿಯ ಮೇಲೆ ಬೇರೆ ಯಾರದೋ ಹೆಸರು ತೇಲುತ್ತಿದೆ, ಯಾರವಳು ಹುಸೇನಮ್ಮ ಎಂದು ಅವನು ಕೇಳಿದ.

“ನಿನ್ನ ಕರಿಯಾಕತ್ತಾರ,” ಮುನವ್ವರ್ ಬೀ ಮೊಣಕೈಯಿಂದ ತಿವಿದಳು. “ಹೋಗು ಗೌಡ್ತಿ, ಹೋಗಿ ಕಂಕಣ ಕಟ್ಟಿಸ್ಕೊಂಡು ಬಾ.”

ಒಳಗೆ ಬಸವಪ್ರಸಾದ, ಅದು ಹೆಸರಿಗಷ್ಟೇ, ಕಂಪನಿಯ ಕಾನೂನಿನ ಸಲುವಾಗಿ, ನಮ್ಮ ಮಿಲ್ಲಿನ ಕೂಲಿಯವಳು ಎಂದು ವಿವರಿಸುತ್ತಿದ್ದ.

“ತುರುಕರಾಕೀನ?” ಗೌಡ ಕೇಳಿದ.

“ಅಲ್ರೀ. ಮೊಹರಮ್ಮಿನ ಆಲಾಯಿ ದೇವರಿಗೆ ಹರಕಿ ಹೊತ್ತು ಇಟ್ಟ ಹೆಸರು, ನಮ್ಮ ಕಡೆ ಹಂಗ ಇಡ್ತಾರಲ್ಲ. ಊರ ಹೊರಗಿನ ಕೇರಿಯಾಕಿ.”

ಟೀವಿಯೊಳಗೆ ಬಾವಿಯ ರಾಟೆ ತಿರುಗುವ ಸದ್ದು ಕೇಳಿಸಿತು.

“ಮತ್ತ ಆಕಿ ಮನಿ ಗುಡಿ ಬಾಜೂಕ ಯಾಕ ಅದ?” ಎಂದ ಗೌಡ. “ನಮ್ಮ ಹಿರೇರು ಆ ಕಟ್ಟಿ ಮ್ಯಾಲ ಕೂಡೂ ಮಂದಿ. ಊರು ಅಂದ ಮ್ಯಾಲ ಊರಿನಂಗ ಇರ್ಬೇಕ್ರಿ.”

ತೆಗೆಸುತ್ತೇನೆ ಎಂದ ಬಸವಪ್ರಸಾದ. ಆಚಾರ್ಯರು ಗಂಟೆ ಬಾರಿಸಿದರು.

ಆಚಾರ್ಯರ ಕಾರು ತಿರುಗುವುದೇ ತಡ ಹೆಂಗಸರನ್ನು ಒಳಗೆ ಬಿಟ್ಟು ಹುಸೇನಮ್ಮನನ್ನು ಮುಂದೆ ಕರೆದರು. ಸ್ವಪ್ನಾ ತಾನೇ ಒಂದು ಗುಂಡಿ ಒತ್ತಿ ತೆಗೆಯಬಹುದಿತ್ತು. ಬಸವಪ್ರಸಾದ ಬೇಡವೆಂದ.

“ಆಕೀನ ಎತ್ಲಿ. ಯಾರಿಟ್ರೋ ಅವರ ಎತ್ಬೇಕು.”

ಹುಸೇನಮ್ಮ ತೋರುಬೆರಳಿನಿಂದ ತನ್ನ ಮನೆ ಎತ್ತಿದಳು. ಗೋಡೆ, ಬಾಗಿಲು, ಚಿಲಕ, ಎಲ್ಲ ಸೇರಿ ಒಂದು ಹುಣಸೆಬೀಜದಷ್ಟಾಗಿ ಬೆರಳಿಗೆ ಅಂಟಿತು. ಓಣಿ ದಾಟಿಸಿದಳು, ಅಗಸಿ ದಾಟಿಸಿದಳು. ಇನ್ನೂ ಆಚೆ ಎಂದ. ಹಳ್ಳದ ಈಚೆ ಇಟ್ಟಳು. ಗಾಳಿ ಊರ ಕಡೆ ಬೀಸುತ್ತದೆ, ಹಳ್ಳದ ಆಚೆ ಎಂದ. ಹಳ್ಳದ ಆಚೆ ಜಾಲಿಯ ಮುಳ್ಳಿನ ನಡುವೆ ಇಟ್ಟಳು. ಆ ಜಾಲಿಯನ್ನು ಮೊನ್ನೆ ಅವಳೇ ಚೆಂದಕ್ಕಿರಲಿ ಎಂದು ನೆಟ್ಟಿದ್ದಳು. ಪೂಜೆಯ ತೆಂಗಿನಕಾಯಿಯ ನೀರು ಇನ್ನೂ ನೆಲದ ಮೇಲೆ ಹರಿಯುತ್ತಿತ್ತು. ಅದನ್ನು ಒರೆಸಲು ಬಗ್ಗಿದವಳು ಬಗ್ಗಿಕೊಂಡೇ ಹೇಳಿದಳು.

“ಇರಲಿ ದಣಿ, ಚಿತ್ರದಾಗ ಎಲ್ಲಿದ್ರೇನ. ಕಲ್ಮಲ ರಸ್ತಾದಾಗ ನಮಗ ಕೊಡೂ ಪ್ಲಾಟ್ ಮಾತ್ರ ಹಿಂದಕ್ಕ ಸರಸಬ್ಯಾಡ್ರಿ. ನನಗ ಆ ಕಟ್ಟಕಡೀ ಹಳದಿ ಕಲ್ಲಿಂದು ಇರಲಿ.”

ಬಸವಪ್ರಸಾದನಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಕುರ್ಚಿ ಹಿಡಿದು ನಕ್ಕ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕ.

“ಕಲ್ಮಲ ರಸ್ತಾದಾಗ? ಅದಕ್ಕ ಬಂದು ಅಲ್ಲಿ ಚಾ ಕಾಸ್ತಿದ್ರೇನ? ಲೇ ಹುಚ್ಚಮುಂಡಿ, ಪ್ಲಾಟ್ ಅಂದ್ರ ಇದ. ಈಗ ಎತ್ತಿ ಇಟ್ಟೆಲ್ಲ, ಇದ ನಿನ್ನ ಪ್ಲಾಟ್. ಯಾರೂ ಕಸಗೊಳ್ಳಂಗಿಲ್ಲ, ಸಾಯೂತನ ನೋಡ್ಕೋತ ಕುಂದ್ರು.”

ಕೋಣೆಯ ಹೆಂಗಸರೆಲ್ಲ ಸ್ವಪ್ನಾಳ ಮುಖ ನೋಡಿದರು. ಅವಳು ಕಂಪ್ಯೂಟರಿನ ಕಡೆ ತಿರುಗಿ, ನಿಮಗೆ ಮೊದಲೇ ಗೊತ್ತಿದೆ ಅಂದುಕೊಂಡಿದ್ದೆ ಎಂದು ಗೊಣಗಿದಳು. ಮುನವ್ವರ್ ಬೀ ನಗಿಸುವ ಮಾತು ಹೇಳುತ್ತಾಳೆಂದು ಕಾದರು. ಅವಳು ಎದ್ದು ಹೋಗಿ ಮೆಟ್ಟಿಲ ಮೇಲೆ ತನ್ನ ಚಪ್ಪಲಿ ಹುಡುಕತೊಡಗಿದಳು, ಕಾಲಲ್ಲೇ ಇದ್ದ ಚಪ್ಪಲಿಯನ್ನು.

ಮರುದಿನ ಇಬ್ಬರೂ ಲೇಔಟಿಗೆ ನಡೆದು ಹೋದರು. ಕಟ್ಟಕಡೆಯ ಹಳದಿ ಕಲ್ಲಿನ ಮೇಲೆ ಯಾವುದೋ ಶಾಲೆಯ ಮಾಸ್ತರರ ಹೆಸರು ಬರೆದಿತ್ತಂತೆ. ಇವರಿಗೆ ಓದಲು ಬಾರದು, ಬೋರು ಹೊಡೆಯಲು ಬಂದವರು ಓದಿ ಹೇಳಿದರು. ಇವರು ಚಹಾ ಕಾಯಿಸಿದ ಕರಿ ಕಲ್ಲುಗಳನ್ನು ಅವರು ಲಾರಿಯ ಗಾಲಿಗೆ ಒತ್ತು ಕೊಟ್ಟಿದ್ದರು.

ಅಲ್ಲೇ ರಸ್ತೆಯ ದಂಡೆಗೆ ಕುಳಿತು ಹುಸೇನಮ್ಮ ತನ್ನ ಗಂಡ ದುರುಗಪ್ಪನ ಸುದ್ದಿ ತೆಗೆದಳು. ಬಸವಪ್ರಸಾದನ ಅಪ್ಪ ಪಂಪಾಪತಿ ಸಾವಕಾರನಿಗೆ ಮಾನ್ವಿ ಸೀಮೆಯಲ್ಲಿ ಹದ್ದು ಹಾರಿದರೂ ಮುಗಿಯದ ಹೊಲ. ಒಬ್ಬರಿಗೆ ಇಷ್ಟೇ ಭೂಮಿ ಎಂದು ಸರಕಾರ ಕಾನೂನು ತಂದಾಗ ಆತ ಹೊಲವನ್ನು ಜೀತದಾಳುಗಳ ಹೆಸರಿಗೆ ಹಂಚಿಟ್ಟ. ದುರುಗಪ್ಪನ ಹೆಸರಿಗೆ ಒಂದು ಇಡೀ ಎರೆಹೊಲ ಬಂತು, ಅವನಿಗೇ ಗೊತ್ತಿಲ್ಲದೆ. ತನ್ನದೇ ಹೊಲದಲ್ಲಿ ಅವನು ವರ್ಷಾನುಗಟ್ಟಲೆ ಕುಂಟೆ ಹೊಡೆದ, ತನ್ನದೇ ಬದುವಿನಲ್ಲಿ ಒದೆ ತಿಂದ. ಕಾನೂನಿನ ಗಾಳಿ ತಣ್ಣಗಾದ ಮೇಲೆ ಸಾವಕಾರ ಹೊಲ ಹಿಂದಕ್ಕೆ ಬರೆಸಿಕೊಳ್ಳಲು ಅವನನ್ನು ಕಚೇರಿಗೆ ಕರೆದೊಯ್ದು ಹೆಬ್ಬೆಟ್ಟು ಒತ್ತು ಎಂದ. ಯಾತಕ್ಕೆ ಎಂದು ದುರುಗಪ್ಪ ಕೈ ಹಿಂದೆ ಎಳೆದುಕೊಂಡ, ಆಮೇಲೆ ಹೇಳುತ್ತೇನೆ ಎಂದ ಸಾವಕಾರ. ಇಬ್ಬರು ಅವನ ಮುಂಗೈ ಹಿಡಿದರು, ಮೂರನೆಯವನು ಬೆರಳಿಗೆ ಮಸಿ ಬಳಿದು ಒತ್ತಿಸಿದ. ಮನೆಗೆ ಬಂದು ಅವನು ಆ ಬೆರಳನ್ನು ಬೂದಿ ಹಾಕಿ ತಿಕ್ಕಿದ, ಸಿಪ್ಪೆ ಸುಲಿಯುವವರೆಗೆ ತಿಕ್ಕಿದ.

“ಮತ್ತ ಈಗ ನಮ್ಮ ಹೆಬ್ಬೆಟ್ಟು ಒತ್ತಸ್ತಾರೇನ?” ಮುನವ್ವರ್ ಬೀ ಕೇಳಿದಳು.

ಹುಸೇನಮ್ಮನಿಗೆ ಗೊತ್ತಿರಲಿಲ್ಲ. ಎರಡು ದಿನಕ್ಕೆ ಸ್ವಪ್ನಾ ತಿಳಿಸಿದಳು. ಮಾರುವ ದಿನ ಕಂಪನಿಗೆ ಬೆರಳು ಬೇಡ, ಮುಖ ಬೇಕು. ಹೆಸರಿನವರು ಫೋನಿನ ಮುಂದೆ ಕುಳಿತು, ಅದರಲ್ಲಿ ಮೂಡುವ ದುಂಡನೆಯ ಗೆರೆಯೊಳಗೆ ಮುಖ ಹಿಡಿದು, ಅದು ಹೇಳಿದಾಗ ಕಣ್ಣು ಮುಚ್ಚಿ ತೆರೆಯಬೇಕು. ಫೋಟೊ ತೋರಿಸಿ ಮೋಸ ಮಾಡಬಾರದೆಂದು, ಜೀವಂತ ಇದ್ದಾರೆಂದು ನೋಡಿಕೊಳ್ಳಲು ಹಾಗೆ. ಎಲ್ಲ ಓಣಿಯವರೂ ಕಣ್ಣು ಮಿಟುಕಿಸಿದರೆ ಊರು ದುಬೈ ಗೌಡನದು. ಹೊತ್ತು ಮುಳುಗುವುದರೊಳಗೆ ಆಗದಿದ್ದರೆ ವ್ಯವಹಾರ ಮುರಿದಂತೆ.

ಆ ದಿನ ಕೋಣೆಗೆ ಪ್ಲಾಸ್ಟಿಕ್ ಕುರ್ಚಿಗಳು ಬಂದವು. ಗಾಜಿನ ಲೋಟದಲ್ಲಿ ಚಹಾ ಬಂತು. ನಿನ್ನೆಯವರೆಗೆ ಮುದುಕಿಯಾಗಿದ್ದ ಹುಸೇನಮ್ಮ ಬೆಳಿಗ್ಗೆ ಯವ್ವಾ ಆದಳು. ಬಸವಪ್ರಸಾದ ತಾನೇ ಫೋನು ಹಿಡಿದು ಅವಳ ಮುಂದೆ ಮಂಡಿಯೂರಿದ. ಟೀವಿಯಲ್ಲಿ ದುಬೈ ಗೌಡ ಕಾಯುತ್ತಿದ್ದ.

“ಮೊದಲ ಮಣ್ಣಿಂದು ಪ್ಲಾಟ್ ಬರದು ಕೊಡ್ರಿ ದಣಿ,” ಎಂದಳು ಹುಸೇನಮ್ಮ. “ನನಗಷ್ಟ ಅಲ್ಲ, ಎಲ್ಲಾರಿಗೂ.”

“ಎಲ್ಲ ಆಮ್ಯಾಲ ಮಾಡೂಣಂತ ಯವ್ವಾ. ಈಗ ಒಂದ ಸಲ ಕಣ್ಣು ಮುಚ್ಚಿ ತಗಿ.”

“ನಿಮ್ಮಪ್ಪನೂ ಆಮ್ಯಾಲ ಅಂದಿದ್ದ.”

ಫೋನು ಹೆಣ್ಣುದನಿಯಲ್ಲಿ, ಶುದ್ಧ ಕನ್ನಡದಲ್ಲಿ, ದಯವಿಟ್ಟು ಕಣ್ಣು ಮಿಟುಕಿಸಿ ಎಂದಿತು. ಹುಸೇನಮ್ಮ ಮಿಟುಕಿಸಲಿಲ್ಲ. ಗೋಡೆಯ ಮೇಲಿನ ಹಲ್ಲಿಯ ಹಾಗೆ ಕಣ್ಣು ಬಿಟ್ಟುಕೊಂಡು ಕುಳಿತಳು. ತಡೆಯದಾದಾಗ ಮುಖ ಹೊರಳಿಸಿ ಗೋಡೆಯ ಕಡೆ ಮಿಟುಕಿಸಿಕೊಂಡು ಮತ್ತೆ ಗೆರೆಯೊಳಗೆ ಬರುತ್ತಿದ್ದಳು. ಫೋನು ಪಾಪ ಎಷ್ಟು ಸಲ ಕೇಳಿತೋ. ಅಷ್ಟು ಮರ್ಯಾದೆಯಿಂದ ಅವಳನ್ನು ಯಾರೂ ಯಾವತ್ತೂ ಏನನ್ನೂ ಬೇಡಿರಲಿಲ್ಲ.

ಯವ್ವಾ ಹೋಗಿ ಮತ್ತೆ ಮುದುಕಿ ಬಂತು. ಮುದುಕಿಯ ಹಿಂದೆ ರಂಡೆ ಬಂತು, ಹಾದರಗಿತ್ತಿ ಬಂತು. ನಿನ್ನ ತಗಡು ಈಗಲೇ ಕೀಳಿಸುತ್ತೇನೆ, ಪೊಲೀಸರನ್ನು ಕರೆಸುತ್ತೇನೆ ಎಂದು ಬಸವಪ್ರಸಾದ ಕೂಗಾಡಿದ. ಎರಡು ಬೆರಳಿನಿಂದ ಅವಳ ಗದ್ದ ಹಿಡಿದು ಮುಖವನ್ನು ಗೆರೆಯೊಳಗೆ ಅದುಮಿದ. ಹೆಬ್ಬೆಟ್ಟಾದರೆ ಹಿಡಿದು ಒತ್ತಿಸಬಹುದು, ರೆಪ್ಪೆಯನ್ನು ಹಿಡಿದು ಬಡಿಸುವುದು ಹೇಗೆ? ಅದನ್ನೂ ಮಾಡಿ ನೋಡಿದ. ಅವನ ಬೆರಳೇ ಅಡ್ಡ ಬಂದು ಫೋನು, ಮುಖ ಕಾಣುತ್ತಿಲ್ಲ ಎಂದಿತು.

ಆಗ ಅವನಿಗೆ ಒಂದು ಬುದ್ಧಿ ಹೊಳೆಯಿತು. ಕಿಟಕಿ ತೆರೆಸಿದ. ಕೆಳಗೆ ಮಿಲ್ಲಿನವರಿಗೆ ಕೂಗಿ, ಹೊಟ್ಟು ಊದುವ ಫ್ಯಾನಿನ ಬಾಯಿ ಮೇಲಕ್ಕೆ ತಿರುಗಿಸಿ ಚಾಲು ಮಾಡಿ ಎಂದ. ಒಂದೇ ಉಸಿರಿಗೆ ಕೋಣೆಯ ತುಂಬ ಹೊಟ್ಟು ಹೊಕ್ಕಿತು. ಇನ್ನು ಹೇಗೆ ಮಿಟುಕಿಸುವುದಿಲ್ಲ ನೋಡುತ್ತೇನೆ ಎಂದು ಅವನು ಫೋನನ್ನು ಅವಳ ಮೂಗಿಗೆ ತಂದ.

ಹುಸೇನಮ್ಮ ಕಣ್ಣು ಮುಚ್ಚಿದಳು.

“ಹಾ. ಈಗ ತಗಿ,” ಎಂದ ಬಸವಪ್ರಸಾದ. ಅವನೂ ಕೆಮ್ಮುತ್ತಿದ್ದ.

ಅವಳು ತೆರೆಯಲಿಲ್ಲ. ಕೈಗಳನ್ನು ತೊಡೆಯ ಮೇಲಿಟ್ಟು, ಚಿಲಕ ಹಾಕಿಕೊಂಡವಳ ಹಾಗೆ, ಕಣ್ಣು ಮುಚ್ಚಿಕೊಂಡೇ ಕುಳಿತಳು.

“ಹೊಟ್ಟು ಬಿದ್ದದ ದಣಿ. ತಗಿಯಾಕ ಬರವಲ್ದು.”

ಪಕ್ಕದ ಕುರ್ಚಿಯಿಂದ ಮುನವ್ವರ್ ಬೀಯ ದನಿ ಬಂತು, ಇಷ್ಟು ದಿನ ನಗಿಸುವುದನ್ನು ಮರೆತಿದ್ದ ದನಿ. “ನನಗೂ ಬಿತ್ತು ನೋಡವ್ವಾ. ಅಲ್ಲಾ ಕಸಂ, ಎರಡೂ ಕಣ್ಣಿಗೆ ಬಿತ್ತು.”

ಅದರಾಚೆಯವಳಿಗೂ ಬಿತ್ತು. ಅವಳಾಚೆಯವಳಿಗೂ. ಅಗಸಿಯ ಓಣಿ, ನಡುವಿನ ಓಣಿ, ಬಣಗಾರರ ಓಣಿ, ಊರಿನ ಓಣಿ ಓಣಿಯೇ ಕಣ್ಣು ಮುಚ್ಚಿತು. ಬಸವಪ್ರಸಾದ ಫೋನು ಹಿಡಿದು ಒಂದು ಮುಖದಿಂದ ಇನ್ನೊಂದು ಮುಖಕ್ಕೆ ಓಡಿದ. ಫೋನು ಪ್ರತಿ ಮುಖದ ಎದುರಿಗೂ ಅದೇ ಮರ್ಯಾದೆಯಿಂದ ಬೇಡಿತು, ದಯವಿಟ್ಟು ಕಣ್ಣು ತೆರೆಯಿರಿ, ದಯವಿಟ್ಟು ಕಣ್ಣು ತೆರೆಯಿರಿ. ಟೀವಿಯಲ್ಲಿ ದುಬೈ ಗೌಡ ಹೊತ್ತೆಷ್ಟಾಯಿತು ಎಂದು ಕೇಳಿದ. ಸ್ವಪ್ನಾ ಸೆರಗಿನಿಂದ ಮೂಗು ಮುಚ್ಚಿಕೊಂಡು ಕಿಟಕಿಯಾಚೆಯ ಸೂರ್ಯನನ್ನು ನೋಡಿದಳು. ಅವನು ದೂರದ ಗುಡ್ಡದ ಮೇಲೆ ಒಂದು ಮಾರು ಎತ್ತರದಲ್ಲಿದ್ದ.

ಕೆಳಗೆ ಹಾರೆಯಿಂದ ತಗಡು ಕೀಳುವ ಸದ್ದು ಶುರುವಾಯಿತು. ಮೊದಲು ಒಂದು ಮೊಳೆ, ಆಮೇಲೆ ಇನ್ನೊಂದು. ಯಾರ ತಗಡೆಂದು ಕಣ್ಣು ತೆರೆದು ನೋಡದೆಯೇ ಹುಸೇನಮ್ಮನಿಗೆ ಗೊತ್ತಾಯಿತು. ಅವಳ ರೆಪ್ಪೆ ಒಮ್ಮೆ ನಡುಗಿತು. ಬಸವಪ್ರಸಾದ ಅದನ್ನು ನೋಡಿಬಿಟ್ಟ, ಓಡಿ ಬಂದು ಫೋನು ಅವಳ ಮುಖಕ್ಕೆ ಹಿಡಿದ.

ಈಗ ನೀವು ಹೇಳಿ ನೋಡೋಣ. ಇಷ್ಟು ಹೊತ್ತು ಕಣ್ಣು ಬಿಟ್ಟುಕೊಂಡೇ ಕೇಳಿದ್ದೀರಲ್ಲ. ಮೊದಲು ಮುಳುಗಿದ್ದು ಸೂರ್ಯನೋ, ಮೊದಲು ತೆರೆದದ್ದು ಅವಳ ಕಣ್ಣೋ?